ಮಡ್ಡಿಯ ಬೋರು, ಕಾಗಿಣಾದ ಬೇಸಿಗೆ ಹರಿವು

ದೀಪಾವಳಿ ಕಳೆದ ಮೇಲೆ ಕಲಬುರಗಿ ಸೀಮೆಯಲ್ಲಿ ಲೆಕ್ಕಕ್ಕೆ ಸಿಗುವಂಥ ಮಳೆ ಬರುವುದು ಅಪರೂಪ. ಆದರೂ ಫೆಬ್ರುವರಿಯಲ್ಲಿ ಸೇಡಂ, ಮಳಖೇಡ, ಚಿತ್ತಾಪುರದ ಆಸುಪಾಸು ಭೀಮೆಯ ಉಪನದಿ ಕಾಗಿಣಾ ಸಣ್ಣಗೆ ಹರಿಯುತ್ತಿರುವುದುಂಟು. ಮೇಲಿನ ಬೆಣ್ಣೆತೊರಾ ಜಲಾಶಯದಿಂದ ನೀರು ಬಿಟ್ಟಿರದಿದ್ದರೆ ಆ ಹರಿವಿಗೆ ಇರುವ ಮೂಲ ಒಂದೇ: ಎರಡೂ ದಂಡೆಯ ಹೊಲಗಳ ಅಡಿಯಿಂದ, ಸೇರುವ ಹಳ್ಳಗಳ ಬುಡದಿಂದ ಸೆಲೆಯೊಡೆದು ನದಿಗಿಳಿಯುವ ಅಂತರ್ಜಲ. ಜಲವಿಜ್ಞಾನಿಗಳು ಇದನ್ನು ಮೂಲ ಹರಿವು ಅನ್ನುತ್ತಾರೆ. ಮುಂಗಾರಿನಲ್ಲಿ ಇಂಗಿದ್ದು ಬೇಸಿಗೆಯಲ್ಲಿ ಹೊಳೆಯಾಗಿ ಹೊರಬರುತ್ತದೆ.

ಅದೇ ನೀರನ್ನು ಅದೇ ಹೊಲಗಳ ಬೋರ್‌ವೆಲ್‌ಗಳೂ ಎತ್ತುತ್ತವೆ. ಹಾಗಾದರೆ ಬೋರು ಎತ್ತಿದ ನೀರು ನದಿಯಲ್ಲಿ ಎಷ್ಟು ಕಡಿಮೆಯಾಗುತ್ತದೆ, ಮುಖ್ಯವಾಗಿ ಯಾವಾಗ ಕಡಿಮೆಯಾಗುತ್ತದೆ? ಜಿಲ್ಲೆಯಲ್ಲಿ ನೀರಿನ ಬಗ್ಗೆ ನಡೆಯುವ ಮಾತೆಲ್ಲ ಭೀಮೆಯ ಮೇಲ್ದಂಡೆಯ, ಮಹಾರಾಷ್ಟ್ರದ ಉಜನಿ ಜಲಾಶಯದಿಂದ ನೀರು ಬಿಟ್ಟರೋ ಇಲ್ಲವೋ, ಬ್ಯಾರೇಜಿನ ಗೇಟು ಹಾಕಿದರೋ ಇಲ್ಲವೋ ಎಂಬಲ್ಲಿಗೇ ನಿಲ್ಲುತ್ತದೆ. ಈ ‘ಯಾವಾಗ’ ಎಂಬ ಪ್ರಶ್ನೆ ಏಳುವುದೇ ಇಲ್ಲ. ಬರ ಬಿದ್ದ ವರ್ಷ ಕುಡಿಯುವ ನೀರು ಉಳಿಸಲು ದಂಡೆಯ ಪಂಪ್‌ಸೆಟ್‌ಗಳ ಕರೆಂಟು ತೆಗೆಯುತ್ತಾರೆ. ಹೊಳಿ ದಂಡಿಗೆ ಕೂಡ್ರಿಸಿದ ಮೋಟಾರು ಎಲ್ಲರ ಕಣ್ಣಿಗೂ ಬೀಳುತ್ತದೆ. ಒಂದೂವರೆ ಕಿಲೋಮೀಟರ್ ಆಚೆ ಮಡ್ಡಿಯ, ಅಂದರೆ ಎತ್ತರದ ಗಟ್ಟಿ ನೆಲದ ಮೇಲಿನ ಬೋರಿಗೂ ಹೊಳಿಗೂ ಸಂಬಂಧವಿದೆ ಎಂದು ಯಾರಿಗೂ ಅನ್ನಿಸುವುದಿಲ್ಲ. ಸಂಬಂಧ ಖಂಡಿತ ಇದೆ, ಅದನ್ನು ಲೆಕ್ಕ ಹಾಕುವ ಗಣಿತಕ್ಕೆ ಎಂಬತ್ತು ವರ್ಷ ದಾಟಿದೆ.

ಅಮೆರಿಕದ ಭೂವೈಜ್ಞಾನಿಕ ಸರ್ವೆ ಇಲಾಖೆಯಲ್ಲಿದ್ದ ಚಾರ್ಲ್ಸ್ ಥೈಸ್ 1940ರಲ್ಲಿ ಒಂದು ಸರಳ ಪ್ರಶ್ನೆ ಕೇಳಿದರು: ಬಾವಿಯಿಂದ ಎತ್ತುವ ನೀರು ಬರುವುದಾದರೂ ಎಲ್ಲಿಂದ? ಬಾವಿ ತೋಡುವ ಮೊದಲು ನೆಲದೊಳಗೆ ಇಂಗುವುದೂ ನೆಲದಿಂದ ಹೊರಹೋಗುವುದೂ ಹೆಚ್ಚುಕಡಿಮೆ ಸರಿದೂಗಿರುತ್ತವೆ. ಹೊಸದಾಗಿ ಎತ್ತುವ ಪ್ರತಿ ಕೊಡವೂ ಮೂರರಲ್ಲಿ ಒಂದು ಕಡೆಯಿಂದ ಬರಬೇಕು. ನೆಲದೊಳಗಿನ ಸಂಗ್ರಹ ಇಳಿಯಬೇಕು, ಇಂಗುವುದು ಹೆಚ್ಚಬೇಕು, ಇಲ್ಲವೇ ನದಿ, ಹಳ್ಳ, ಗಿಡಮರಗಳ ಬೇರಿಗೆ ಹೋಗುತ್ತಿದ್ದದ್ದು ತಗ್ಗಬೇಕು. ನಾಲ್ಕನೆಯ ದಾರಿಯಿಲ್ಲ. ನಮ್ಮ ಕಡೆಯ ಹಗೇವು, ಅಂದರೆ ಜೋಳ ತುಂಬಿಡುವ ನೆಲದೊಳಗಿನ ಗುಂಡಿ, ನೆನೆದರೆ ಇದು ಬೇಗ ತಿಳಿಯುತ್ತದೆ. ಹೊಸ ಬೋರು ಮೊದಲ ದಿನಗಳಲ್ಲಿ ಹಗೇವಿನ ಜೋಳ ತೆಗೆದು ತಿನ್ನುತ್ತದೆ. ಹಗೇವು ಇಳಿಯುತ್ತ ಹೋದಂತೆ ನದಿಯೆಂಬ ನೆರೆಮನೆಗೆ ಹೋಗಬೇಕಿದ್ದ ಚೀಲಗಳಿಗೆ ಕೈ ಹಾಕುತ್ತದೆ. ಮೊದಲನೆಯದರಿಂದ ಎರಡನೆಯದಕ್ಕೆ ಹೊರಳಲು ಎಷ್ಟು ದಿನ ಬೇಕು ಎಂಬುದೇ ಈ ವಿಷಯದ ತಿರುಳು.

ಥೈಸ್ 1941ರಲ್ಲಿ ನದಿಯ ಪಕ್ಕದ ಬಾವಿಗೆ ಈ ಲೆಕ್ಕ ಮಾಡಿದರು. 1954ರಲ್ಲಿ ಗ್ಲೋವರ್ ಮತ್ತು ಬಾಲ್ಮರ್ ಅದನ್ನು ಸುಲಭ ಸೂತ್ರಕ್ಕೆ ಇಳಿಸಿದರು. 1968ರಲ್ಲಿ ಜೆಂಕಿನ್ಸ್ ಅದರಿಂದ ಒಂದೇ ಸಂಖ್ಯೆ ತೆಗೆದರು. ನದಿಯಿಂದ ಬಾವಿಗಿರುವ ದೂರದ ವರ್ಗವನ್ನು ನೀರು ಬಿಟ್ಟುಕೊಡುವ ಕಲ್ಲಿನ ಗುಣಾಂಕದಿಂದ ಗುಣಿಸಿ, ಆ ಪದರ ನೀರು ಹರಿಸುವ ಸಾಮರ್ಥ್ಯದಿಂದ ಭಾಗಿಸಿದರೆ ಬರುವ ಉತ್ತರ ದಿನಗಳಲ್ಲಿರುತ್ತದೆ. ಅಷ್ಟು ದಿನ ಬಿಡದೆ ಪಂಪು ಓಡಿಸಿದರೆ, ಕೊನೆಯ ದಿನ ಎತ್ತುವ ನೀರಿನಲ್ಲಿ ಸುಮಾರು ಅರ್ಧದಷ್ಟು ನದಿಗೆ ಸಲ್ಲಬೇಕಿದ್ದದ್ದಾಗಿರುತ್ತದೆ. ಇಲ್ಲಿ ಗಮನಿಸಬೇಕಾದದ್ದು ‘ವರ್ಗ’. ದೂರ ಎರಡರಷ್ಟಾದರೆ ವಿಳಂಬ ನಾಲ್ಕರಷ್ಟಾಗುತ್ತದೆ.

ನಮ್ಮ ಗಟ್ಟಿ ಕಲ್ಲಿನ ಪ್ರದೇಶಕ್ಕೆ ಒಪ್ಪುವಂಥ ಅಂಕಿ ಹಾಕಿ ನೋಡೋಣ. ಕಲ್ಲು ಬಿಟ್ಟುಕೊಡುವ ನೀರು ಅದರ ಗಾತ್ರದ ನೂರಕ್ಕೆ ಎರಡು ಭಾಗ, ಹರಿಸುವ ಸಾಮರ್ಥ್ಯ ದಿನಕ್ಕೆ 30 ಚದರ ಮೀಟರ್. ಇದು ಉದಾಹರಣೆಯ ಲೆಕ್ಕವೇ ಹೊರತು ಯಾವ ಊರಿನ ಅಳತೆಯೂ ಅಲ್ಲ. ನವೆಂಬರ್ ಮೊದಲ ದಿನದಿಂದ ಫೆಬ್ರುವರಿ ಕೊನೆಯವರೆಗೆ 120 ದಿನ ಮೂರು ಬೋರು ಓಡುತ್ತವೆ ಎಂದುಕೊಳ್ಳಿ: ಒಂದು ನದಿಯಿಂದ 100 ಮೀಟರ್, ಒಂದು 500 ಮೀಟರ್, ಇನ್ನೊಂದು 1,500 ಮೀಟರ್ ದೂರ.

ನೂರು ಮೀಟರಿನ ಬೋರು ಫೆಬ್ರುವರಿ ಕೊನೆಗೆ ಎತ್ತುವ ನೀರಿನಲ್ಲಿ ಶೇ 87ರಷ್ಟು ನದಿಯದು. ಪಂಪು ನಿಲ್ಲಿಸಿ ಒಂದು ತಿಂಗಳಾದರೆ ಆ ಹೊಡೆತ, ದಿನಕ್ಕೆ ಎತ್ತುತ್ತಿದ್ದ ನೀರಿನ ಶೇ 14ಕ್ಕೆ ಇಳಿಯುತ್ತದೆ. ಐನೂರು ಮೀಟರಿನ ಬೋರಿನದು ಫೆಬ್ರುವರಿ ಕೊನೆಗೆ ಶೇ 40. ನಿಲ್ಲಿಸಿ ಎರಡು ತಿಂಗಳಾದ ಮೇಲೆ, ಏಪ್ರಿಲ್ ಕೊನೆಗೂ ಶೇ 26ರಷ್ಟು ಉಳಿದಿರುತ್ತದೆ. ಒಂದೂವರೆ ಕಿಲೋಮೀಟರ್ ದೂರದ ಬೋರು ಓಡುತ್ತಿರುವಷ್ಟು ಕಾಲ ನದಿಗೆ ಏನೂ ಆಗಿಲ್ಲವೆಂದೇ ಕಾಣುತ್ತದೆ, ಫೆಬ್ರುವರಿಯಲ್ಲಿ ಬರೀ ಶೇ 1. ಮೋಟಾರು ನಿಂತ ಮೇಲೆ ಅದರ ಪರಿಣಾಮ ಏರತೊಡಗುತ್ತದೆ. ಜೂನ್ ಕೊನೆಗೆ ಶೇ 6.5, ಅಕ್ಟೋಬರ್ ಕೊನೆಗೆ ಶೇ 7ಕ್ಕೂ ಮೇಲೆ. ಅಷ್ಟರಲ್ಲಿ ಮುಂದಿನ ಹಂಗಾಮಿನ ಪಂಪು ಶುರುವಾಗುತ್ತದೆ. ಹಳೆಯದು ತೀರುವ ಮೊದಲೇ ಹೊಸದು ಸೇರಿ, ಹತ್ತು ವರ್ಷ ಇದೇ ನಡೆದರೆ ವರ್ಷವೊಂದಕ್ಕೆ ಎತ್ತಿದ ನೀರಿನ ಹೆಚ್ಚುಕಡಿಮೆ ಮೂರನೇ ಎರಡು ಭಾಗ ನದಿಯ ಲೆಕ್ಕದಿಂದ ಹೋಗುತ್ತಿರುತ್ತದೆ. ಅದೂ ಹಿಂಗಾರಿನ ನಾಲ್ಕು ತಿಂಗಳು ಮಾತ್ರವಲ್ಲ, ಹನ್ನೆರಡು ತಿಂಗಳಿಗೂ ಹಂಚಿಕೊಂಡು, ಒಂದು ಹನಿಯೂ ಎತ್ತದ ಏಪ್ರಿಲ್ ಮೇನಲ್ಲಿ ಕೂಡ.

ದಂಡೆಯ ಮೋಟಾರು ಬಂದ್ ಮಾಡಿಸಿದರೆ ಹೊಳೆ ಬೇಗ ಚೇತರಿಸಿಕೊಳ್ಳುವುದು ಇದರಿಂದಲೇ. ಆಡಳಿತಕ್ಕೆ ‘ನಾವು ಮಾಡಿದ್ದು ಫಲಿಸಿತು’ ಅನ್ನಿಸುವುದೂ ಸಹಜ. ದೂರದ ಸಾವಿರಾರು ಬೋರುಗಳು ವರ್ಷಗಟ್ಟಲೆ ಕೂಡಿಟ್ಟ ಬಾಕಿ ಮಾತ್ರ ಯಾವ ಆದೇಶಕ್ಕೂ ಜಗ್ಗದೆ ನದಿಯಿಂದ ವಸೂಲಾಗುತ್ತಲೇ ಇರುತ್ತದೆ.

ಪ್ರಮಾಣದ ಅಂದಾಜಿಗೆ ಇನ್ನೊಂದು ಲೆಕ್ಕ. ಒಂದು ಬೋರು ಸೆಕೆಂಡಿಗೆ 2 ಲೀಟರ್ ಕೊಡುತ್ತದೆ, ತ್ರೀ ಫೇಸ್ ಕರೆಂಟು ಇರುವ 7 ತಾಸು ಓಡುತ್ತದೆ ಎಂದರೆ ದಿನಕ್ಕೆ ಸುಮಾರು 50,000 ಲೀಟರ್. ಇಂಥ 500 ಬೋರು 120 ದಿನ ಓಡಿದರೆ 30 ಲಕ್ಷ ಘನ ಮೀಟರ್, ಅಂದರೆ 0.1 ಟಿಎಂಸಿಗೆ ತುಸು ಹೆಚ್ಚು. ವರ್ಷಪೂರ್ತಿ ಹರಡಿದರೆ 3.4 ಕ್ಯೂಸೆಕ್. ಹೊಲಕ್ಕೆ ಬಿಟ್ಟದ್ದರಲ್ಲಿ ಒಂದು ಪಾಲು ಮರಳಿ ಇಂಗುತ್ತದೆ, ಹಾಗಾಗಿ ಎರಡೂವರೆ ಕ್ಯೂಸೆಕ್ ಎಂದಿಟ್ಟುಕೊಳ್ಳಿ. ಪ್ರವಾಹದ ಭೀಮೆಯಲ್ಲಿ ಲಕ್ಷಗಟ್ಟಲೆ ಕ್ಯೂಸೆಕ್ ಹರಿಯುವ ಸುದ್ದಿ ಓದಿದವರಿಗೆ ಇದು ನಗೆ ತರಿಸಬಹುದು. ಮೇ ತಿಂಗಳಲ್ಲಿ ಬಂಡೆಗಳ ನಡುವೆ ಎಳೆಯಾಗಿ ಹರಿಯುವ ಕಾಗಿಣಾಕ್ಕೆ, ಅದರಲ್ಲೂ ಒಂದೊಂದು ಹಳ್ಳಕ್ಕೆ, ಇಷ್ಟೇ ಸಾಕು: ಹರಿವು ಹೋಗಿ ಮಡುಗಳು ಮಾತ್ರ ಉಳಿಯುತ್ತವೆ.

ಕಲ್ಲು ಸೂತ್ರ ಕೇಳುವುದಿಲ್ಲ

ಮೇಲಿನ ಸೂತ್ರಕ್ಕೆ ಬೇಕಾದ ಜಗತ್ತು ಅಚ್ಚುಕಟ್ಟಾದದ್ದು. ನದಿ ನೆಟ್ಟಗಿರಬೇಕು, ಕಲ್ಲು ಎಲ್ಲೆಡೆ ಒಂದೇ ಬಗೆಯದಾಗಿರಬೇಕು, ಪದರಕ್ಕೆ ಕೊನೆಯಿರಬಾರದು. ಕಲಬುರಗಿ, ಯಾದಗಿರಿ, ಬೀದರ್ ಮೂರೂ ಜಿಲ್ಲೆ ಸುತ್ತಿದರೆ ಇದರಲ್ಲಿ ಒಂದೂ ಸಿಗುವುದಿಲ್ಲ. ಆಳಂದ, ಕಲಬುರಗಿಯ ಕಡೆ ಎರೆಮಣ್ಣಿನ ಕೆಳಗೆ ದಖ್ಖನ್ ಬಸಾಲ್ಟಿನ ಪದರ ಪದರ. ಒಂದು ಲಾವಾ ಹರಿವಿನ ತೂತುತೂತಾದ ಮೇಲ್ಭಾಗದಲ್ಲಿ ನೀರಿರುತ್ತದೆ, ಅದರ ಕೆಳಗಿನ ಗಟ್ಟಿ ಭಾಗದಲ್ಲಿ ಬಿರುಕಿದ್ದರಷ್ಟೇ ನೀರು, ಎರಡು ಹರಿವುಗಳ ನಡುವಿನ ಕೆಂಪು ಜೇಡಿಯ ತೆಳು ಪದರ ನೀರನ್ನು ಕೆಳಗಿಳಿಯಲು ಬಿಡುವುದಿಲ್ಲ. ಹೀಗಾಗಿ 60 ಅಡಿಯ ತೆರೆದ ಬಾವಿಯೂ 400 ಅಡಿಯ ಬೋರೂ ಒಂದೇ ಹೊಲದಲ್ಲಿದ್ದರೂ ಬೇರೆ ಬೇರೆ ನೀರು ಕುಡಿಯುತ್ತಿರಬಹುದು. ತೆರೆದ ಬಾವಿಯ ಪದರವೇ ಪಕ್ಕದ ಹಳ್ಳದ ದಂಡೆಯಲ್ಲಿ ಸೆಲೆಯಾಗಿ ಹೊರಡುವುದು. ಆಳದ ಬೋರಿನ ಹೊಡೆತ ಎಲ್ಲಿ ತಟ್ಟುತ್ತದೆಂದು ಹೇಳುವುದು ಕಷ್ಟ. ಯಾದಗಿರಿ, ಗುರುಮಠಕಲ್ ಕಡೆ ಗ್ರಾನೈಟು, ನೈಸು. ಮೇಲಿನ ಕೊಳೆತ ಕಲ್ಲಿನ ಕೆಲವು ಮೀಟರ್ ದಪ್ಪದ ಪದರವೇ ಅಲ್ಲಿನ ಮುಖ್ಯ ಸಂಗ್ರಹ. ಅದು ಬರಿದಾದರೆ ಬಿರುಕುಗಳಷ್ಟೇ ಗತಿ.

ಕಾಗಿಣಾ ಕಣಿವೆಯ ಸೇಡಂ–ಚಿತ್ತಾಪುರ–ಶಹಾಬಾದ್ ಪಟ್ಟಿ ಇವೆರಡಕ್ಕಿಂತ ತೊಡಕಿನದು. ಇಲ್ಲಿರುವುದು ಸುಣ್ಣದ ಕಲ್ಲು. ದೇಶದ ಎಷ್ಟೋ ಮನೆಗಳ ನೆಲಕ್ಕೆ ಹಾಸಿದ ಶಹಾಬಾದ್ ಕಲ್ಲು ಇದೇ, ಈ ಸೀಮೆಯ ಸಿಮೆಂಟ್ ಕಾರ್ಖಾನೆಗಳು ಅರೆಯುವುದೂ ಇದನ್ನೇ. ಸುಣ್ಣದ ಕಲ್ಲಿನ ಸಂದುಗಳನ್ನು ನೀರು ಕರಗಿಸಿ ಅಗಲ ಮಾಡುತ್ತದೆ. ಅಂಥ ಒಂದು ಸಂದಿಗೆ ತಾಗಿದ ಬೋರು ದೂರದ್ದಾದರೂ ನದಿಯನ್ನು ವಾರದೊಳಗೆ ಮುಟ್ಟಬಲ್ಲದು. ಅದರ ಪಕ್ಕದಲ್ಲೇ ಕೊರೆದ ಇನ್ನೊಂದರಲ್ಲಿ ಬರೀ ಪುಡಿ ಬರುತ್ತದೆ. ನೂರು ಮೀಟರಿಗೆ ಇಷ್ಟು ದಿನ ಎಂಬ ಸರಾಸರಿ ಇಲ್ಲಿ ದಾರಿ ತಪ್ಪಿಸುತ್ತದೆ.

ಗಣಿಗಳದು ಬೇರೆಯೇ ಅಧ್ಯಾಯ. ಸುಣ್ಣದ ಕಲ್ಲಿನ ದೊಡ್ಡ ಗುಂಡಿ ನೀರಿನ ಮಟ್ಟಕ್ಕಿಂತ ಕೆಳಗಿಳಿದರೆ ಒಳಗೆ ಜಿನುಗುವುದನ್ನು ಸದಾ ಹೊರಹಾಕಬೇಕು, ಇಲ್ಲದಿದ್ದರೆ ಯಂತ್ರ ಇಳಿಯುವುದಿಲ್ಲ. ಜಲವಿಜ್ಞಾನದ ಕಣ್ಣಿಗೆ ಅದೊಂದು ಅಗಾಧ ಬಾವಿ. ಹಾಗೆ ಹೊರಹಾಕಿದ್ದು ಪಕ್ಕದ ಹಳ್ಳಕ್ಕೆ ಬಿದ್ದರೆ ಕೆಳಗೆ ಹರಿವು ಅಳೆಯುವವರಿಗೆ ನದಿ ಚೆನ್ನಾಗಿಯೇ ಕಾಣುತ್ತದೆ, ಕೆಲವೊಮ್ಮೆ ಮೊದಲಿಗಿಂತ ಚೆನ್ನಾಗಿ. ಸುತ್ತಲಿನ ಊರಿನ ಬಾವಿ ಮಾತ್ರ ತಳ ಕಾಣುತ್ತದೆ. ಗುಂಡಿಯ ಕೆಲಸ ಮುಗಿದು ಪಂಪು ನಿಂತ ದಿನದಿಂದ ಲೆಕ್ಕ ತಿರುವುಮುರುವಾಗುತ್ತದೆ, ಆ ಗುಂಡಿ ತುಂಬುವವರೆಗೂ ನದಿಗೆ ಹೋಗಬೇಕಿದ್ದದ್ದನ್ನು ಅದು ಕುಡಿಯುತ್ತಿರುತ್ತದೆ. ಹರಿವಿನ ಅಂಕಿ ಮಾತ್ರ ನೋಡಿ ‘ನದಿ ಸುಧಾರಿಸಿದೆ’ ಎಂದು ವರದಿ ಬರೆಯುವ ಅಪಾಯ ಇಲ್ಲಿಯೇ ಹೆಚ್ಚು.

ಬೀದರಿನ ಕಥೆ ಹೀಗಲ್ಲ. ಅಲ್ಲಿ ಜಂಬಿಟ್ಟಿಗೆ ಕಲ್ಲು ಬಸಾಲ್ಟಿನ ಮೇಲೆ ಕೂತಿದೆ. ಮಳೆ ಜಂಬಿಟ್ಟಿಗೆಯಲ್ಲಿ ಸರಸರ ಇಳಿದು, ಎರಡೂ ಕಲ್ಲು ಕೂಡುವಲ್ಲಿ ಸೆಲೆಯಾಗಿ ಒಸರಿ ಹಳ್ಳಗಳಿಗೆ ಹೋಗುತ್ತದೆ. ನೌಬಾದಿನಲ್ಲಿ ಬಹಮನಿ ಕಾಲದವರು ತೋಡಿದ ಕರೇಜ್ ಸುರಂಗ ಈ ಒಸರನ್ನು ಇಳಿಜಾರಿನಲ್ಲಿ ಹರಿಸಿ ತರುವ ಏರ್ಪಾಡು. ಎಂಜಿನಿಯರಿಂಗಿಗಿಂತ ನನಗೆ ಅದರಲ್ಲಿ ಹಿಡಿಸುವುದು ಅದರ ಮಿತಿ: ಸುರಂಗದ ತಳಕ್ಕಿಂತ ಮೇಲೆ ನೀರಿದ್ದರಷ್ಟೇ ಅದು ಹರಿಯುತ್ತದೆ. ಮಟ್ಟ ಇಳಿದ ವರ್ಷ ತಾನೇ ಕಡಿಮೆ ಕೊಡುತ್ತದೆ. ಸಬ್‌ಮರ್ಸಿಬಲ್ ಪಂಪಿಗೆ ಅಂಥ ನಾಚಿಕೆ ಇಲ್ಲ.

ಚೌಕಗಳೊಳಗಿನ ಕಣಿವೆ

ಇಷ್ಟು ತೊಡಕಿರುವಲ್ಲಿ ಒಂದು ಸೂತ್ರ ಸಾಲದು. ಹಾಗಾಗಿ ಕಣಿವೆಯನ್ನೇ ಕಂಪ್ಯೂಟರಿನಲ್ಲಿ ಚೌಕಗಳಾಗಿ ಒಡೆದು ಅದರ ಮಾದರಿ ಕಟ್ಟುತ್ತಾರೆ. ಅಮೆರಿಕದ ಅದೇ ಸರ್ವೆ ಇಲಾಖೆ 1984ರಲ್ಲಿ ಹೊರತಂದ ಮಾಡ್‌ಫ್ಲೋ ಎಂಬ ತಂತ್ರಾಂಶ ಇಂದಿಗೂ ಇದಕ್ಕೆ ಹೆಚ್ಚು ಬಳಕೆಯಲ್ಲಿದೆ. ದುಡ್ಡು ಕೊಡಬೇಕಿಲ್ಲ, ಯಾರು ಬೇಕಾದರೂ ಇಳಿಸಿಕೊಳ್ಳಬಹುದು. ಪ್ರತಿ ಚೌಕಕ್ಕೂ ಅದರ ಕಲ್ಲಿನ ಗುಣ, ಇಂಗುವ ಮಳೆ, ಎತ್ತುವ ನೀರು ಹೇಳಿಕೊಟ್ಟರೆ, ಅಕ್ಕಪಕ್ಕದ ಚೌಕಗಳಿಂದ ಬಂದದ್ದೆಷ್ಟು ಹೋದದ್ದೆಷ್ಟು ಎಂದು ದಿನದಿನದ ಜಮಾಖರ್ಚು ಅದು ಮಾಡುತ್ತದೆ. ನದಿ ಹಾಯುವ ಚೌಕದಲ್ಲಿ ಒಂದು ನಿಯಮ ಹೆಚ್ಚು: ಅಂತರ್ಜಲದ ಮಟ್ಟ ನದಿಯ ನೀರಿಗಿಂತ ಮೇಲಿದ್ದರೆ ನೆಲ ನದಿಗೆ ಕೊಡುತ್ತದೆ, ಕೆಳಗಿದ್ದರೆ ನದಿ ನೆಲಕ್ಕೆ ಕೊಡುತ್ತದೆ. ಎಷ್ಟು ಸಲೀಸಾಗಿ ಕೊಡುತ್ತದೆ ಎಂಬುದು ನದಿತಳದ ಮರಳು, ಕೆಸರಿನ ಮೇಲೆ ನಿಂತಿದೆ. ಮರಳು ಲೂಟಿಯಾಗಿ ಬರೀ ಬಂಡೆ ಉಳಿದ ಕಡೆ, ಬ್ಯಾರೇಜಿನ ಹಿಂದೆ ಹೂಳು ಕೂತ ಕಡೆ ಈ ಅಂಕಿ ಬದಲಾಗಿಬಿಡುತ್ತದೆ.

ಬ್ಯಾರೇಜುಗಳು ಭೀಮೆಯ ಕಡೆ ಲೆಕ್ಕವನ್ನೇ ತಿರುಗಿಸಿವೆ. ಸೊನ್ನ, ಸರಡಗಿ, ಸನ್ನತಿಯಂಥ ಕಡೆ ಗೇಟು ಹಾಕಿ ನೀರು ನಿಲ್ಲಿಸಿದಾಗ ನದಿಯ ಮಟ್ಟ ಸುತ್ತಲಿನ ಅಂತರ್ಜಲಕ್ಕಿಂತ ಮೇಲೇರುತ್ತದೆ, ದಂಡೆಯ ಬಾವಿಗಳು ತುಂಬುತ್ತವೆ. ಆ ಬಾವಿಗಳಿಂದ ಎತ್ತುವುದು ಸುತ್ತುಬಳಸಿ ಬ್ಯಾರೇಜಿನ ನೀರನ್ನೇ ಎತ್ತಿದಂತೆ. ಕಲಬುರಗಿ ನಗರದ ಕುಡಿಯುವ ನೀರಿಗೆ ಕಾದಿರಿಸಿದ ದಾಸ್ತಾನಿನಿಂದ ಹೀಗೆ ಎಷ್ಟು ಸೋರುತ್ತದೆ ಎಂಬುದಕ್ಕೆ ಮಾದರಿಯಿಂದಲ್ಲದೆ ಬೇರೆ ಕಡೆಯಿಂದ ಉತ್ತರ ಸಿಗುವುದಿಲ್ಲ.

ಒಳ್ಳೆಯ ಮಳೆಗಾಲ ಮಾದರಿಯಲ್ಲಿ ಇನ್ನೊಂದು ಬದಲಾವಣೆ ತರುತ್ತದೆ. ಸೆಪ್ಟೆಂಬರಿನ ಹೊತ್ತಿಗೆ ಮೇಲಿನ ಪದರ ಕಂಠಮಟ್ಟ ತುಂಬುವ ಜಾಗಗಳಲ್ಲಿ ಹಿಂದಿನ ವರ್ಷದ ಬಾಕಿ ಅಲ್ಲಿಗೇ ಚುಕ್ತಾ ಆಗುತ್ತದೆ. ಬೋರುಗಳು ಖಾಲಿ ಮಾಡಿದ ಜಾಗಕ್ಕೆ ಪ್ರವಾಹದ ನೀರೇ ಇಂಗಿರುತ್ತದೆ, ಅದರಿಂದ ನದಿಗೆ ನಷ್ಟವಿಲ್ಲ. ತುಂಬದ ಜಾಗಗಳಲ್ಲಿ, ಸಾಲುಸಾಲು ಬರದ ವರ್ಷಗಳಲ್ಲಿ ಬಾಕಿ ಬೆಳೆಯುತ್ತದೆ. ಯಾವ ಹಳ್ಳದ ಜಲಾನಯನ ಯಾವ ಗುಂಪಿನದು ಎಂದು ತಿಳಿಯಲು ಮುಂಗಾರಿನ ಮೊದಲು ಒಮ್ಮೆ, ಆಮೇಲೆ ಒಮ್ಮೆ ಬಾವಿಯ ಮಟ್ಟ ಅಳೆದರೆ ಅರ್ಧ ದಾರಿ ನಡೆದಂತೆ.

ಮಾದರಿಯ ಬಗ್ಗೆ ಒಂದು ಅನುಮಾನ ಸದಾ ಇರಬೇಕು. ಬಾವಿಯ ನೀರಿನ ಮಟ್ಟಕ್ಕೆ ಮಾತ್ರ ಹೊಂದಿಸಿದ ಮಾದರಿ ತಪ್ಪು ಕಾರಣಕ್ಕೆ ಸರಿ ಉತ್ತರ ಕೊಡಬಲ್ಲದು. ಇಂಗುವುದನ್ನು ಎರಡರಷ್ಟು ಮಾಡಿ, ಕಲ್ಲು ಹರಿಸುವುದನ್ನೂ ಎರಡರಷ್ಟು ಮಾಡಿದರೆ ಮಟ್ಟ ಅದೇ ಬರುತ್ತದೆ. ನದಿಗೆ ಹೋಗುವುದು ಮಾತ್ರ ಎರಡರಷ್ಟಾಗಿರುತ್ತದೆ. ಅದನ್ನು ಹಿಡಿಯಲು ಬೇಸಿಗೆಯ ಹರಿವಿನ ನಿಜವಾದ ಅಳತೆ ಬೇಕು. ಮಳಖೇಡದಲ್ಲಿ ಕಾಗಿಣಾಕ್ಕೂ ಯಾದಗಿರಿಯಲ್ಲಿ ಭೀಮೆಗೂ ಕೇಂದ್ರ ಜಲ ಆಯೋಗದ ಮಾಪನ ಕೇಂದ್ರಗಳಿವೆ. ಇಂಥ ಕೇಂದ್ರಗಳ ದೊಡ್ಡ ಚಿಂತೆ ಪ್ರವಾಹ. ಅಂತರ್ಜಲದ ಲೆಕ್ಕಕ್ಕೆ ಬೇಕಾದದ್ದು ಏಪ್ರಿಲ್‌ನಲ್ಲಿ ಮೊಳಕಾಲುದ್ದದ ನೀರಿನಲ್ಲಿ ಇಳಿದು, ಹತ್ತಿಪ್ಪತ್ತು ಕಿಲೋಮೀಟರಿಗೊಂದು ಕಡೆ ಅಳೆದ ಹರಿವು. ಎರಡು ಅಳತೆಗಳ ನಡುವೆ ನದಿ ಗಳಿಸಿತೋ ಕಳೆದುಕೊಂಡಿತೋ ಎಂಬುದೇ ಮಾದರಿಗೆ ಸಾಕ್ಷಿ.

ಒಂದೇ ನೀರು, ಎರಡು ಖಾತೆ

ಗಣಿತ ಇಷ್ಟು ಮುಂದೆ ಬಂದಿದ್ದರೂ ನಮ್ಮ ಕಾನೂನು, ಲೆಕ್ಕಪತ್ರ ಎರಡೂ ನದಿಯ ನೀರು ಬೇರೆ, ಬೋರಿನ ನೀರು ಬೇರೆ ಎಂದೇ ನಡೆಯುತ್ತವೆ. 1882ರ ಈಸ್‌ಮೆಂಟ್ ಕಾಯ್ದೆಯ ಪ್ರಕಾರ ಗೊತ್ತಾದ ಕಾಲುವೆಯಲ್ಲಿ ಹರಿಯದ ನೆಲದಡಿಯ ನೀರನ್ನು ತನ್ನ ಮೇರೆಯೊಳಗೆ ಎತ್ತಿಕೊಳ್ಳುವುದು ಜಮೀನಿನ ಒಡೆಯನ ಹಕ್ಕು. ರಾಜ್ಯದ 2011ರ ಅಂತರ್ಜಲ ಕಾಯ್ದೆ ಅಧಿಸೂಚಿತ ಪ್ರದೇಶಗಳಲ್ಲಿ ಪರವಾನಗಿ ಕೇಳುತ್ತದೆ. ಆ ಪರವಾನಗಿಯ ಹಿಂದೆ ‘ಈ ಬೋರಿನಿಂದ ನದಿಗೆ ಎಷ್ಟು, ಯಾವಾಗ’ ಎಂಬ ಲೆಕ್ಕ ಇರುವುದಿಲ್ಲ. 10 ಎಚ್‌ಪಿವರೆಗಿನ ಪಂಪ್‌ಸೆಟ್ಟಿಗೆ ಉಚಿತ ವಿದ್ಯುತ್ ಇರುವುದರಿಂದ ಎತ್ತಿದ ನೀರಿನ ಅಂದಾಜಿಗೆ ಮೀಟರಿನ ಆಸರೆಯೂ ಇಲ್ಲ.

ತಾಲ್ಲೂಕುಗಳನ್ನು ‘ಸುರಕ್ಷಿತ’, ‘ಅರೆ ಗಂಭೀರ’, ‘ಗಂಭೀರ’, ‘ಅತಿಬಳಕೆ’ ಎಂದು ವಿಂಗಡಿಸುವ ನಕ್ಷೆ ಎಲ್ಲರಿಗೂ ಗೊತ್ತು. 2015ರ ಅಂತರ್ಜಲ ಅಂದಾಜು ಸಮಿತಿಯ ವಿಧಾನದಂತೆ, ಮೂಲ ಹರಿವಿನ ಅಳತೆ ಇಲ್ಲದ ಕಡೆ, ವರ್ಷಕ್ಕೆ ಇಂಗುವುದರಲ್ಲಿ ನೈಸರ್ಗಿಕವಾಗಿ ಹೊರಹೋಗುವುದಕ್ಕೆಂದು ಶೇ 5 ಅಥವಾ ಶೇ 10 ಕಳೆದು, ಉಳಿದದ್ದನ್ನೆಲ್ಲ ಎತ್ತಬಹುದಾದ ನೀರು ಅನ್ನುತ್ತಾರೆ. ಅದರಲ್ಲಿ ಶೇ 70ರವರೆಗೆ ಎತ್ತಿದರೆ ಸುರಕ್ಷಿತ. ಅಂದರೆ ಅಂಥಲ್ಲಿ ನದಿ, ಹಳ್ಳ, ಸೆಲೆ ಎಲ್ಲ ಸೇರಿ ಅವುಗಳ ಪಾಲು ಮೊದಲೇ ಶೇ 10 ದಾಟದಂತೆ ಕಟ್ಟಿಹಾಕಲಾಗಿದೆ. ಥೈಸ್ ಹೇಳಿದ ಮೂರು ದಾರಿಗಳನ್ನು ನೆನೆದು ನೋಡಿದರೆ, ಇಂಗುವ ನೀರು ಹೆಚ್ಚದೆ ಶೇ 65ರಷ್ಟು ಎತ್ತುತ್ತಿರುವ ‘ಸುರಕ್ಷಿತ’ ತಾಲ್ಲೂಕಿನಲ್ಲಿ ಬಾವಿಗಳ ಮಟ್ಟ ಸ್ಥಿರವಾಗಿರುವುದು ಸಮಾಧಾನದ ಸಂಗತಿಯೇ ಅಲ್ಲ. ಮಟ್ಟ ಇಳಿಯುತ್ತಿಲ್ಲ ಎಂದರೆ ಎತ್ತಿದ ನೀರನ್ನು ಸಂಗ್ರಹ ತುಂಬಿಕೊಡುತ್ತಿಲ್ಲ, ಹಳ್ಳಗಳು ತುಂಬಿಕೊಡುತ್ತಿವೆ ಎಂದರ್ಥ. ನಕ್ಷೆಯ ಹಸಿರು ಬಣ್ಣ ಬಾವಿಯ ಆರೋಗ್ಯ ಹೇಳಬಹುದು, ಹೊಳೆಯದನ್ನಲ್ಲ.

ರಾಜ್ಯಗಳ ನಡುವೆಯೂ ಇದೇ. ಕೃಷ್ಣಾ ಕಣಿವೆಯ ನೀರು ಹಂಚಿದ ಬಚಾವತ್ ನ್ಯಾಯಮಂಡಳಿ ಭೀಮೆಯ ಮುಖ್ಯ ಹರಿವಿನಿಂದ ಕರ್ನಾಟಕಕ್ಕೆ 15 ಟಿಎಂಸಿ ಮಿತಿ ಹಾಕಿತು. ಅದೇ ತೀರ್ಪು, ಮಹಾರಾಷ್ಟ್ರ, ಕರ್ನಾಟಕ, ಆಂಧ್ರಪ್ರದೇಶ ಮೂರೂ ರಾಜ್ಯಗಳು ತಮ್ಮ ನೆಲದಡಿಯ ನೀರನ್ನು ಮುಕ್ತವಾಗಿ ಬಳಸಬಹುದು, ಅದನ್ನು ಕೃಷ್ಣಾ ನದಿಯ ನೀರಿನ ಬಳಕೆಯೆಂದು ಎಣಿಸಬಾರದು ಎಂದೂ ಹೇಳಿತು. 1970ರ ದಶಕದಲ್ಲಿ, ತೆರೆದ ಬಾವಿಗಳ ಕಾಲದಲ್ಲಿ, ಇದು ದೊಡ್ಡ ಪ್ರಮಾದ ಅನ್ನಿಸದಿರಬಹುದು. ಇವತ್ತು ಸೊಲ್ಲಾಪುರದ ಕಬ್ಬಿನ ಗದ್ದೆಯ ಬೋರು ಆಗಲಿ, ಅಫಜಲಪುರದ ಕಬ್ಬಿನ ಬೋರು ಆಗಲಿ ಭೀಮೆಯಿಂದ ಕಸಿದದ್ದು ಯಾವ ರಾಜ್ಯದ ಖಾತೆಗೂ ಬೀಳುವುದಿಲ್ಲ. ಉಜನಿಯ ಗೇಟಿನ ಕಡೆ ಬೆರಳು ತೋರಿಸುವುದು ಸುಲಭ. ನಮ್ಮದೇ ದಂಡೆಯ ಬಗ್ಗೆ ಕೇಳಿದರೆ ಕಾಗದದಲ್ಲಿ ನಾವು ತಪ್ಪಿತಸ್ಥರಲ್ಲ.

ಬೇರೆ ದಾರಿ ಇಲ್ಲದಿಲ್ಲ. ಅಮೆರಿಕದ ರಿಪಬ್ಲಿಕನ್ ನದಿಯ ನೀರನ್ನು ಕೊಲೊರಾಡೊ, ನೆಬ್ರಾಸ್ಕ, ಕ್ಯಾನ್ಸಸ್ ರಾಜ್ಯಗಳು 1943ರ ಒಪ್ಪಂದದಲ್ಲಿ ಹಂಚಿಕೊಂಡಿದ್ದವು. ನೆಬ್ರಾಸ್ಕದ ಬೋರುಗಳಿಂದ ನಮ್ಮ ಪಾಲು ಕರಗುತ್ತಿದೆ ಎಂದು ಕ್ಯಾನ್ಸಸ್ 1998ರಲ್ಲಿ ಸುಪ್ರೀಂ ಕೋರ್ಟಿಗೆ ಹೋಯಿತು. 2002ರ ರಾಜಿಯಲ್ಲಿ ಮೂರೂ ರಾಜ್ಯ ಸೇರಿ ಒಂದು ಅಂತರ್ಜಲ ಮಾದರಿ ಕಟ್ಟಿ, ಬೋರುಗಳಿಂದ ನದಿಗಾಗುವ ನಷ್ಟವನ್ನು ಆಯಾ ರಾಜ್ಯದ ಖಾತೆಗೆ ಹಾಕಲು ಒಪ್ಪಿದವು. ಆಮೇಲೆ ನೆಬ್ರಾಸ್ಕ ಮಿತಿ ಮೀರಿದಾಗ 2015ರಲ್ಲಿ ಕೋರ್ಟು 55 ಲಕ್ಷ ಡಾಲರ್ ಕಟ್ಟಿಸಿತು. ಇಂಥ ಲೆಕ್ಕಕ್ಕೆ ಬೋರುಗಳಿಗೆ ಮೀಟರ್, ನೋಂದಣಿ ಎಲ್ಲ ಬೇಕು. ನಮ್ಮ ಎರಡು ಎಕರೆ, ನಾಲ್ಕು ಎಕರೆಯ ರೈತರ ಮೇಲೆ ಅದನ್ನೇ ತಂದು ಹೇರಿ ಎಂದು ನಾನು ಹೇಳಲಾರೆ. ಜಿಲ್ಲೆಯ ತೊಗರಿ ಬಹುಪಾಲು ಮಳೆಯನ್ನೇ ನಂಬಿದ ಬೆಳೆ. ಬೋರು ನಂಬಿದವರು ಕಬ್ಬು, ಬಾಳೆ, ತರಕಾರಿಯವರು, ಅವರಲ್ಲೂ ಸಾಲ ಮಾಡಿ ಮೂರು ಸಲ ಕೊರೆಸಿದವರೇ ಹೆಚ್ಚು.

ಮಾದರಿಯಿಂದ ನನಗೆ ಬೇಕಾದದ್ದು ನಿಷೇಧದ ಪಟ್ಟಿಯಲ್ಲ. ಹತ್ತಿರದ ಬೋರಿಗೂ ದೂರದ ಬೋರಿಗೂ ಒಂದೇ ಮದ್ದು ಸಲ್ಲದು ಎಂಬುದನ್ನು ಊರೂರಿಗೆ ಅಂಕಿಯಲ್ಲಿ ತೋರಿಸಬಲ್ಲ ಸಾಧನ ಅದು. ದಂಡೆಯ ಅರ್ಧ ಕಿಲೋಮೀಟರಿನೊಳಗಿನ ಬೋರುಗಳನ್ನು ಬರದ ವರ್ಷ, ಪರಿಹಾರ ಕೊಟ್ಟು, ಜನವರಿಗೇ ನಿಲ್ಲಿಸಿದರೆ ಏಪ್ರಿಲ್‌ಗೆ ನದಿಗೆ ನೀರು ಮರಳುತ್ತದೆ. ಅದರಾಚೆಯವನ್ನು ಬರ ಬಂದ ಮೇಲೆ ನಿಲ್ಲಿಸಿದರೆ ರೈತನಿಗೆ ಬೆಳೆ ಹೋಯಿತು, ನದಿಗೂ ಆ ವರ್ಷ ಏನೂ ದಕ್ಕಲಿಲ್ಲ. ಅಲ್ಲಿ ಕೆಲಸ ಆಗಬೇಕಾದದ್ದು ಒಳ್ಳೆಯ ಮಳೆಯ ವರ್ಷಗಳಲ್ಲಿ, ಬೆಳೆ ಬದಲಿಸುವ ಮೂಲಕ, ಹಳ್ಳದ ತಲೆಯಲ್ಲಿ ಇಂಗಿಸುವ ಮೂಲಕ. ಸುಣ್ಣದ ಕಲ್ಲಿನ ಪಟ್ಟಿಯಲ್ಲಂತೂ ನೀರಿಗೆ ಬಣ್ಣ ಬಿಟ್ಟು ಅದು ಎಲ್ಲಿ ಹೊರಬರುತ್ತದೆಂದು ನೋಡುವ ಪರೀಕ್ಷೆಯಿಲ್ಲದೆ ಯಾವ ಬೋರು ಹತ್ತಿರದ್ದು, ಯಾವುದು ದೂರದ್ದು ಎಂದು ಟೇಪು ಹಿಡಿದು ಹೇಳಲಾಗದು.

ಶುರು ಮಾಡುವುದಕ್ಕೆ ಕಾಗಿಣಾಕ್ಕಿಂತ ಒಳ್ಳೆಯ ಕಣಿವೆ ಈ ಮೂರು ಜಿಲ್ಲೆಗಳಲ್ಲಿ ಇಲ್ಲ. ತಾಂಡೂರಿನ ಕಡೆಯಿಂದ ಬಂದು ಹೊನಗುಂಟಾದ ಹತ್ತಿರ ಭೀಮೆಗೆ ಸೇರುವವರೆಗೆ ಅದರ ದಾರಿ ಮಾದರಿ ಕಟ್ಟಲು ಹಿಡಿತಕ್ಕೆ ಸಿಗುವಷ್ಟು ಚಿಕ್ಕದು, ಮಾಪನ ಕೇಂದ್ರವೂ ಇದೆ. ಸಾವಿರಾರು ಪಂಪ್‌ಸೆಟ್ಟುಗಳಿಗೆ ಮೀಟರ್ ಹಾಕುವ ಜಗಳಕ್ಕೆ ಇಳಿಯುವ ಮೊದಲು ಗಣಿ ಗುಂಡಿಗಳ ನೀರೆತ್ತುವ ಪಂಪುಗಳಿಗೆ ಮೀಟರ್ ಹಾಕಿ, ಅದರ ದಿನದ ಅಂಕಿಯನ್ನು ಗ್ರಾಮ ಪಂಚಾಯಿತಿ ಕಚೇರಿಯಲ್ಲಿ ಹಚ್ಚಬಹುದು. ಆ ಪಂಪುಗಳು ಬೆರಳೆಣಿಕೆಯವು, ಕರೆಂಟಿಗೆ ಬಿಲ್ಲು ಕಟ್ಟುವಂಥವು, ಯಾವ ರೈತನ ಓಟೂ ಅವಕ್ಕೆ ಅಂಟಿಕೊಂಡಿಲ್ಲ.